ಓದಲು ಮಾತ್ರ ತೆರೆದ ಲೆಕ್ಕದ ಪುಸ್ತಕ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಲ್ಲಿ ಒಂದು ಬಟ್ಟೆ ಅಂಗಡಿಯಿದೆಯೆಂದು ಭಾವಿಸೋಣ. ಗಿರಾಕಿಯೊಬ್ಬರು ಹಳೆಯ ಬಾಕಿಗೆಂದು 500 ರೂಪಾಯಿ ಕೊಟ್ಟರು. ಗುಮಾಸ್ತ ಅದನ್ನು ಕಂಪ್ಯೂಟರಿನಲ್ಲಿ ಜಮಾ ಮಾಡಿದ. ಪರದೆಯ ಮೇಲೆ ‘ಆಯಿತು’ ಎಂದು ಬಂದಿತು. ಆದರೆ ಲೆಕ್ಕದ ಫೈಲಿಗೆ ಅಂದು ಓದುವ ಅಪ್ಪಣೆಯಷ್ಟೇ ಇದ್ದು, ಬರೆಯುವ ಅಪ್ಪಣೆ ಇರಲಿಲ್ಲ. ಹಣ ಗಲ್ಲಾಪೆಟ್ಟಿಗೆ ಸೇರಿತು; ಲೆಕ್ಕಕ್ಕೆ ಸೇರಲಿಲ್ಲ.

ಇದು ಹೇಗಾಯಿತೆಂಬುದನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸಿನ ಉದಾಹರಣೆಯಿಂದ ತಿಳಿಯಬಹುದು. 2000ದಲ್ಲಿ ಅಮೆರಿಕದ ರಿಚರ್ಡ್ ಹಿಪ್ ರಚಿಸಿದ ಇದು ಇಂದು ನಮ್ಮ ಮೊಬೈಲುಗಳಲ್ಲಿಯೂ ಇದೆ. ಲೆಕ್ಕವೆಲ್ಲವೂ ಒಂದೇ ಫೈಲಿನಲ್ಲಿರುವುದು ಇದರ ವಿಶೇಷ. ಬರೆಯಲಾಗದ ಫೈಲು ತೆರೆಯುವಾಗಲೇ ತಕರಾರು ಮಾಡುವುದೆಂದು ನಾವು ತಿಳಿಯುತ್ತೇವೆ. ಹಾಗಲ್ಲ, ಸಾಮಾನ್ಯವಾಗಿ ಅದು ತೆರೆಯುತ್ತದೆ, ಹಳೆಯ ಲೆಕ್ಕವನ್ನು ಸರಿಯಾಗಿಯೇ ತೋರಿಸುತ್ತದೆ. ಹೊಸ ಸಾಲನ್ನು ಸೇರಿಸಹೊರಟಾಗ ಮಾತ್ರ 8 ಎಂಬ ದೋಷಸಂಖ್ಯೆಯನ್ನು ತಿಳಿಸಿ ನಿಲ್ಲುತ್ತದೆ. ಡೇಟಾಬೇಸು ಸುಳ್ಳಾಡಲಿಲ್ಲ, ಅಂಗಡಿಯ ಪ್ರೋಗ್ರಾಮು ಅದರ ಮಾತಿಗೆ ಕಿವಿಗೊಡಲಿಲ್ಲ.

ಆದುದರಿಂದ ಹಬ್ಬ ಬರುವ ಮೊದಲೇ ಪರೀಕ್ಷೆ ನಡೆಸಬೇಕು. ಲೆಕ್ಕದ ಫೈಲಿನ ನಕಲೊಂದನ್ನು ತೆಗೆದು, ಲಿನಕ್ಸ್ ಯಂತ್ರದಲ್ಲಿ ಅದರ ಅಪ್ಪಣೆಯನ್ನು 444ಕ್ಕೆ ಇಳಿಸಬೇಕು. ಅಂದರೆ ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ಇಲ್ಲಿ ಮೂರು ಎಚ್ಚರಿಕೆಗಳುಂಟು.

ಮೊದಲನೆಯದು, ರೂಟ್ ಎಂಬ ಸರ್ವಾಧಿಕಾರದ ಖಾತೆಯಿಂದ ಪರೀಕ್ಷಿಸಬಾರದು. ಅದಕ್ಕೆ ಈ ನಿರ್ಬಂಧ ತಟ್ಟುವುದಿಲ್ಲ. ಗುಮಾಸ್ತನ ಖಾತೆಯಿಂದಲೇ ನೋಡಬೇಕು. ಎರಡನೆಯದು, ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯಬೇಕು. ಅಪ್ಪಣೆಯ ವಿಚಾರಣೆ ನಡೆಯುವುದು ಫೈಲನ್ನು ತೆರೆಯುವಾಗ. ಮೊದಲೇ ತೆರೆದಿಟ್ಟವರು ಬರೆಯುತ್ತಲೇ ಹೋಗಬಲ್ಲರು. ಮೂರನೆಯದು, ಫೈಲಿಗೆ ಬರೆಯುವ ಅಪ್ಪಣೆ ಕೊಟ್ಟು, ಅದಿರುವ ಫೋಲ್ಡರಿಗೆ ಮಾತ್ರ ನಿರಾಕರಿಸಿ ನೋಡಬೇಕು. ಆಗಲೂ ಬರೆಯಲಾಗದು! ಏಕೆಂದರೆ, ನಡುವೆ ವಿದ್ಯುತ್ತು ಹೋದರೆ ಹಿಂದಿನ ಸ್ಥಿತಿಗೆ ಮರಳಲೆಂದು, ಎಸ್‌ಕ್ಯೂಲೈಟ್ ತನ್ನ ಸಾಮಾನ್ಯ ಕ್ರಮದಲ್ಲಿ ಹಳೆಯ ಪುಟಗಳನ್ನು ಪಕ್ಕದ ಜರ್ನಲ್ ಫೈಲಿನಲ್ಲಿ ನಕಲಿಟ್ಟುಕೊಂಡೇ ಮುಂದುವರಿಯುತ್ತದೆ. ಆ ಫೈಲನ್ನಿಡಲು ಫೋಲ್ಡರಿನಲ್ಲಿ ಎಡೆ ಬೇಕಷ್ಟೆ.

ಪ್ರತಿಯೊಂದು ಸಲವೂ ಎರಡು ಅಂಶಗಳನ್ನು ಗಮನಿಸತಕ್ಕದ್ದು: ಜಮಾ ಆಗಲಿಲ್ಲವೆಂದು ಪರದೆ ಸ್ಪಷ್ಟವಾಗಿ ಹೇಳಿತೇ? ಮತ್ತೆ ತೆರೆದಾಗ ಹಳೆಯ ಬಾಕಿ ಇದ್ದಂತೆಯೇ ಇದೆಯೇ? ಎರಡಕ್ಕೂ ಹೌದೆಂದಾದರೆ ಪ್ರೋಗ್ರಾಮು ತೇರ್ಗಡೆಯಾಯಿತು. ಆಗ ಗುಮಾಸ್ತ ಕಾಗದದ ರಸೀತಿಯನ್ನಾದರೂ ಬರೆದುಕೊಟ್ಟಾನು. ಹಬ್ಬ ಕಳೆದ ಮೇಲೆ ಅದೇ ಗಿರಾಕಿಯನ್ನು ಅದೇ ಬಾಕಿಗಾಗಿ ಎರಡನೆಯ ಸಲ ಕೇಳುವ ಅಪಚಾರ ತಪ್ಪುವುದು.