ಕಂಪ್ಯೂಟರಿನಲ್ಲಿ ಕಳೆ ಯಾವುದು, ಪೈರು ಯಾವುದು?

ರಾಗಿ ಹೊಲದಲ್ಲಿ ಕಳೆ ಕೀಳಲು ಕುಳಿತವರಿಗೆಲ್ಲ ಕಾಡುರಾಗಿಯ ಪರಿಚಯವಿರುತ್ತದೆ. ಎಳೆಯದಾಗಿರುವಾಗ ಅದು ರಾಗಿಯ ಪೈರಿನಂತೆಯೇ ಕಾಣುತ್ತದೆ. ಅಭ್ಯಾಸವಿಲ್ಲದವರು ಕಳೆಯನ್ನು ಉಳಿಸಿ ಪೈರನ್ನೇ ಕಿತ್ತುಹಾಕುವುದುಂಟು. ನಮ್ಮ ಸಾನಮಾವಿನ ಸುತ್ತ ಇನ್ನೊಂದು ಕಷ್ಟವೂ ಇದೆ. ತೆನೆ ಬಲಿಯುವ ಹೊತ್ತಿಗೆ ಕಾಡಿನಿಂದ ಆನೆಗಳು ಇಳಿಯುತ್ತವೆ. ಆನೆ ಹೊಲಕ್ಕೆ ಬೇಡವೆಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಾಡುರಾಗಿಯ ವಿಷಯದಲ್ಲಿ ಮಾತ್ರ ಬಗ್ಗಿ ನೋಡಿ ತೀರ್ಮಾನಿಸಬೇಕಾಗುತ್ತದೆ.

ಕಂಪ್ಯೂಟರಿನಲ್ಲಿಯೂ ಈ ಎರಡು ಬಗೆಯ ತೊಂದರೆಗಳಿವೆ. ಕಡತಗಳನ್ನು ಹಾಳುಮಾಡುವ, ಗುಪ್ತಪದವನ್ನು ಕದಿಯುವ ವೈರಸ್ ಮೊದಲನೆಯದು. ಎರಡನೆಯದನ್ನು ಆಂಟಿವೈರಸ್ ತಂತ್ರಾಂಶಗಳು ‘ಬೇಡದ್ದಾಗಿರಬಹುದಾದ ತಂತ್ರಾಂಶ’ ಎಂದು ಕರೆಯುತ್ತವೆ. ‘ಆಗಿರಬಹುದಾದ’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದನ್ನು ಗಮನಿಸದೆ ನಾವು ಕಳೆದ ವರ್ಷ ಪೇಚಿಗೆ ಸಿಕ್ಕಿಕೊಂಡೆವು.

ವಾರ್ಷಿಕ ಸಂಚಿಕೆಗಾಗಿ ಮಕ್ಕಳ ಲೇಖನಗಳನ್ನು ಬೆರಳಚ್ಚು ಮಾಡುತ್ತಿದ್ದಾಗ, ಒಂದು ಬೆಳಿಗ್ಗೆ ನಮ್ಮ ಕನ್ನಡ ಟೈಪಿಂಗ್ ತಂತ್ರಾಂಶವೇ ಕಾಣೆಯಾಗಿತ್ತು. ಆಂಟಿವೈರಸ್ ಅದನ್ನು ‘ಬೇಡದ್ದಾಗಿರಬಹುದು’ ಎಂದು ಗುರುತಿಸಿ ಕ್ವಾರಂಟೈನ್‌ನಲ್ಲಿ ಇಟ್ಟಿತ್ತು. ಮುದ್ರಣಾಲಯಕ್ಕೆ ಕೊಡಲು ಉಳಿದಿದ್ದುದು ನಾಲ್ಕೇ ದಿನ. ಅವಸರದಲ್ಲಿ ನಾವು ಆಂಟಿವೈರಸ್ಸನ್ನೇ ನಿಲ್ಲಿಸಿಬಿಟ್ಟೆವು. ಬಳಿಕ ಯಾವುದೋ ಡೌನ್‌ಲೋಡ್ ತಾಣದಿಂದ ಅದೇ ತಂತ್ರಾಂಶದ ಇನ್ನೊಂದು ಪ್ರತಿಯನ್ನು ಇಳಿಸಿ, ಕೇಳಿದ್ದಕ್ಕೆಲ್ಲ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋದೆವು. ಕನ್ನಡವೇನೋ ಬಂದಿತು. ಅದರ ಹಿಂದೆಯೇ ಬ್ರೌಸರಿನ ತಲೆಯ ಮೇಲೆ ಒಂದು ಟೂಲ್‌ಬಾರ್ ಬಂದು ಕುಳಿತಿತು, ಹುಡುಕುವ ಪುಟ ಬದಲಾಯಿತು, ಜಾಹೀರಾತುಗಳು ಸಾಲುಗಟ್ಟಿದವು. ಪೈರನ್ನು ಕಿತ್ತವನು ಆಂಟಿವೈರಸ್. ಕಳೆಯನ್ನು ಬಿತ್ತಿದವರು ನಾವು.

ಬೇಡದ ತಂತ್ರಾಂಶಗಳು ಹೆಚ್ಚಾಗಿ ಹೀಗೆಯೇ ಇನ್ನೊಂದರ ಜೊತೆಗೂಡಿ ಬರುತ್ತವೆ. ಪಾರ್ಥೇನಿಯಂ ಗಿಡ ಹೊರದೇಶದ ಗೋಧಿಯೊಡನೆ ನಮ್ಮ ದೇಶಕ್ಕೆ ಬಂದಿತೆಂದು ಹಿರಿಯರು ಹೇಳುವುದಿಲ್ಲವೇ? ಹಾಗೆ. ದೊಡ್ಡವರೂ ಇದಕ್ಕೆ ಹೊರತಲ್ಲ. ಜಾವಾ ಎಂಬ ಹೆಸರಾಂತ ತಂತ್ರಾಂಶವನ್ನು ಸ್ಥಾಪಿಸುವಾಗ ಹಲವು ವರ್ಷಗಳ ಕಾಲ ಆಸ್ಕ್ ಟೂಲ್‌ಬಾರ್ ಕೂಡ ಬರುತ್ತಿತ್ತು. ಬೇಡವೆನ್ನುವವರು ಗುರುತನ್ನು ತಾವೇ ಅಳಿಸಬೇಕಾಗಿತ್ತು. ೨೦೧೫ರಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡದ್ದೆಂದು ಸಾರಿ ತೆಗೆದುಹಾಕತೊಡಗಿತು.

‘ಬೇಡದ್ದಾಗಿರಬಹುದು’ ಎಂಬ ಈ ಮೆದು ಮಾತಿನ ಹಿಂದೆ ವಕೀಲರ ಭಯವಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಜಾಹೀರಾತಿನ ತಂತ್ರಾಂಶಗಳನ್ನು ‘ಗೂಢಚಾರಿ’ ಎಂದು ಕರೆದಾಗ ಅವುಗಳ ಒಡೆಯರು ಆಕ್ಷೇಪಿಸಿದರು. ‘ಬಳಕೆದಾರರು ಒಪ್ಪಿಗೆ ಕೊಟ್ಟಿದ್ದಾರಲ್ಲ’ ಎಂಬುದು ಅವರ ವಾದ. ಅಮೆರಿಕದಲ್ಲಿ ಜ್ಯಾಂಗೋ ಎಂಬ ಸಂಸ್ಥೆ ಕ್ಯಾಸ್ಪರ್‌ಸ್ಕಿಯ ಮೇಲೆ ದಾವೆ ಹೂಡಿ, ೨೦೦೯ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಹಾಗೆಂದು ಕಾವಲುಗಾರನಿಗೆ ಎಲ್ಲ ಅಧಿಕಾರವೂ ದೊರೆತಂತಾಗಲಿಲ್ಲ. ೨೦೧೬ರಲ್ಲಿ ಮಾಲ್‌ವೇರ್‌ಬೈಟ್ಸ್ ಎಂಬ ಭದ್ರತಾ ಸಂಸ್ಥೆ, ಎನಿಗ್ಮಾ ಎಂಬ ಇನ್ನೊಂದು ಭದ್ರತಾ ಸಂಸ್ಥೆಯ ತಂತ್ರಾಂಶವನ್ನೇ ಬೇಡದ್ದೆಂದು ಗುರುತಿಸಿತು. ಪೈಪೋಟಿಯ ದುರುದ್ದೇಶದಿಂದ ಹಾಗೆ ಮಾಡಿದ್ದರೆ ಕಾನೂನಿನ ರಕ್ಷಣೆ ಸಿಗದೆಂದು ಅದೇ ಮೇಲ್ಮನವಿ ನ್ಯಾಯಾಲಯ ೨೦೧೯ರಲ್ಲಿ ಹೇಳಿತು. ಕಾವಲುಗಾರನೂ ಒಬ್ಬ ವ್ಯಾಪಾರಿಯೇ ಎಂಬುದು ಇದರಿಂದ ತಿಳಿಯುತ್ತದೆ.

ಇಷ್ಟಾದರೂ ನಮ್ಮ ಕನ್ನಡ ತಂತ್ರಾಂಶ ಮಾಡಿದ ತಪ್ಪೇನು? ಅದನ್ನು ತಿಳಿಯಲು ಅದರ ಕೆಲಸವನ್ನು ಸ್ವಲ್ಪ ನೋಡಬೇಕು. ಕೀಲಿಮಣೆಯ ಮೇಲಿರುವುದು ಇಂಗ್ಲಿಷ್ ಅಕ್ಷರ. ನಾವು ಒಂದು ಕೀಲಿಯನ್ನು ಒತ್ತಿದೊಡನೆ ಟೈಪಿಂಗ್ ತಂತ್ರಾಂಶ ಅದನ್ನು ನಡುದಾರಿಯಲ್ಲಿ ಹಿಡಿದು ‘ಕ’ ಅಥವಾ ‘ಮ’ ಆಗಿ ಬದಲಾಯಿಸಿ ಮುಂದಕ್ಕೆ ಕಳಿಸುತ್ತದೆ. ಆದ್ದರಿಂದ ಅದು ಪ್ರತಿಯೊಂದು ಒತ್ತನ್ನೂ ನೋಡುತ್ತಲೇ ಇರಬೇಕು. ಬ್ಯಾಂಕಿನ ಗುಪ್ತಪದವನ್ನು ಕದಿಯುವ ತಂತ್ರಾಂಶವೂ ಇದನ್ನೇ ಮಾಡುತ್ತದೆ! ನಡತೆಯನ್ನು ನೋಡಿ ಊಹಿಸುವ ಆಂಟಿವೈರಸ್ಸಿಗೆ ಇಬ್ಬರೂ ಒಂದೇ ರೀತಿ ಕಾಣುವುದು ಆಶ್ಚರ್ಯವಲ್ಲ.

ಎರಡನೆಯ ಕಾರಣ ನಮಗೆ ಹೆಚ್ಚು ನೋವಿನದು. ಇಂದಿನ ಕಾವಲು ವ್ಯವಸ್ಥೆಗಳು ಒಂದು ಕಡತವನ್ನು ಲೋಕದಲ್ಲಿ ಎಷ್ಟು ಜನ ಬಳಸುತ್ತಾರೆ, ಅದಕ್ಕೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎಂಬುದನ್ನೂ ಎಣಿಸುತ್ತವೆ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಇಂಥ ಪರೀಕ್ಷೆ ವಿಂಡೋಸಿನ ಒಳಗೇ ಇದೆ. ಕೋಟಿಗಟ್ಟಲೆ ಜನ ಬಳಸುವ ತಂತ್ರಾಂಶ ಸಲೀಸಾಗಿ ದಾಟುತ್ತದೆ. ಅಪರೂಪದ್ದು ಬಾಗಿಲಲ್ಲೇ ನಿಲ್ಲುತ್ತದೆ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವುಗಳಿಂದ ಲಕ್ಷಾಂತರ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿತರು. ಆದರೆ ಲೋಕದ ಲೆಕ್ಕದಲ್ಲಿ ಇಡೀ ಕನ್ನಡದ ಬಳಕೆಯೇ ಚಿಕ್ಕದು. ತಮಿಳುನಾಡಿನ ಅಂಚಿನಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ‘ನಿಮ್ಮದು ಅಪರೂಪ’ ಎಂಬ ಮಾತು ಹೊಸದಲ್ಲ. ಯಂತ್ರವೂ ಅದನ್ನೇ ಹೇಳಿತು, ಅಷ್ಟೆ.

ಹಾಗಾದರೆ ಎಚ್ಚರಿಕೆ ಕಂಡಾಗ ಏನು ಮಾಡಬೇಕು? ಆಂಟಿವೈರಸ್ಸನ್ನು ನಿಲ್ಲಿಸಕೂಡದು. ಕಡತ ಎಲ್ಲಿಂದ ಬಂದಿತೆಂದು ಮೊದಲು ನೋಡಬೇಕು. ತಯಾರಕರ ಸ್ವಂತ ತಾಣದಿಂದ ಬಂದದ್ದಾಗಿದ್ದರೆ, ತಿಳಿದವರೊಬ್ಬರನ್ನು ಕೇಳಿ, ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಡಬಹುದು. ಸ್ಥಾಪಿಸುವಾಗ ಪ್ರತಿಯೊಂದು ಪುಟವನ್ನೂ ಓದಿ, ಜೊತೆಗೆ ಕೊಡುವ ಉಡುಗೊರೆಗಳ ಗುರುತನ್ನು ಅಳಿಸಬೇಕು. ಇನ್ನೊಂದು ಮಾತು: ವಿಂಡೋಸಿನಲ್ಲಿಯೇ ಕನ್ನಡದ ಕೀಲಿಮಣೆ ಇದೆ, ಅದನ್ನು ಕಲಿತರೆ ಬೇರೇನನ್ನೂ ಇಳಿಸಬೇಕಾಗಿಲ್ಲ. ನಮಗೆ ಇದು ಮೊದಲೇ ತಿಳಿದಿದ್ದರೆ ಆ ನಾಲ್ಕು ದಿನ ಉಳಿಯುತ್ತಿತ್ತು.

ತಂದೆತಾಯಂದಿರಿಗೆ ಮೊಬೈಲಿನ ವಿಷಯ ಹೇಳಬೇಕು. ಮದುವೆಯ ಆಮಂತ್ರಣವೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಎಪಿಕೆ’ ಕಡತದ ಬಗ್ಗೆ ೨೦೨೪ರಲ್ಲಿ ಪೊಲೀಸರು ಜನರನ್ನು ಎಚ್ಚರಿಸಿದ್ದರು. ಆಮಂತ್ರಣ ಪತ್ರ ಚಿತ್ರವಾಗಿ ಬರುತ್ತದೆ, ಸ್ಥಾಪಿಸಬೇಕಾದ ತಂತ್ರಾಂಶವಾಗಿ ಬರುವುದಿಲ್ಲ. ಇಲ್ಲಿ ‘ಆಗಿರಬಹುದು’ ಎಂಬ ಮಾತೇ ಇಲ್ಲ. ಇದು ಆನೆ.

ನಮ್ಮ ಕಥೆಯನ್ನು ಮುಗಿಸಬೇಕಲ್ಲ. ಹತ್ತನೆಯ ತರಗತಿಯ ಇಬ್ಬರು ಮಕ್ಕಳು ಒಂದು ಮಧ್ಯಾಹ್ನವೆಲ್ಲ ಕುಳಿತು ಟೂಲ್‌ಬಾರನ್ನೂ ಅದರ ಪರಿವಾರವನ್ನೂ ತೆಗೆದರು. ತಯಾರಕರ ತಾಣದಿಂದ ಹೊಸ ಪ್ರತಿಯನ್ನು ತಂದೆವು. ಆಂಟಿವೈರಸ್ ಸಂಸ್ಥೆಗೆ ‘ಇದು ತಪ್ಪು ಗುರುತು’ ಎಂದು ತಿಳಿಸುವ ಅವಕಾಶವಿದೆ. ಕಡತವನ್ನು ಜೊತೆಯಲ್ಲಿಟ್ಟು ಬರೆದೆವು. ಉತ್ತರವೇನೂ ಬರಲಿಲ್ಲ. ಆದರೆ ಕೆಲವು ದಿನಗಳ ಮೇಲೆ ಆಂಟಿವೈರಸ್ ತನ್ನ ಪಟ್ಟಿಯನ್ನು ನವೀಕರಿಸಿಕೊಂಡಾಗ, ನಮ್ಮ ತಂತ್ರಾಂಶದ ಮೇಲಿನ ಕೆಂಪು ಗುರುತು ಹೋಗಿತ್ತು. ಈ ಲೇಖನವನ್ನು ಬೆರಳಚ್ಚು ಮಾಡಿದ್ದು ಅದರಲ್ಲಿಯೇ.