ಕುಬ್ಜರ ದೇವರು ನಾನಲ್ಲ

ನನ್ನ ಕುಬ್ಜರಿಗೆ ದೇವರುಗಳಿದ್ದಾರೆ. ಅವರ ಪೈಕಿ ನಾನಿಲ್ಲ.

ಬೆಟ್ಟದೊಳಗೆ ಕೊರೆದ ಗುಡಿಯಲ್ಲಿ ಅವರು ಪೂಜಿಸುವುದು ಸಾವಿಗೊಬ್ಬ, ಸಂಪತ್ತಿಗೊಬ್ಬಳು, ಬೆಟ್ಟಕ್ಕೊಬ್ಬ ಎಂದು ಲೋಕವನ್ನು ಹಂಚಿಕೊಂಡ ದೇವತೆಗಳನ್ನು. ಆ ಗುಡಿ ಎಲ್ಲಿ ಬರಬೇಕೆಂದು ಗೆರೆ ಎಳೆದವಳು ನಾನು. ಚಳಿಗಾಲಕ್ಕೆ ಹೆಂಡ ಸಾಲುತ್ತದೋ ಇಲ್ಲವೋ ಎಂದು ಪೀಪಾಯಿಗಳ ಲೆಕ್ಕ ಹಾಕಿದವಳೂ ನಾನೇ. ಆದರೂ ಒಬ್ಬನೇ ಒಬ್ಬ ತಲೆಯೆತ್ತಿ ನನ್ನ ಕಡೆ ನೋಡಿದ್ದಿಲ್ಲ. ನಿವೃತ್ತಿಯವರೆಗೂ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವಳಿಗೆ ಇದೇನೂ ಹೊಸ ಅನುಭವವಲ್ಲ, ಬಿಡಿ.

ಆಟದ ಹೆಸರು ‘ಡ್ವಾರ್ಫ್ ಫೋರ್ಟ್ರೆಸ್’, ಕುಬ್ಜರ ಕೋಟೆ. ಮೊಮ್ಮಗ ರಜೆಗೆ ಬಂದಾಗ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಹೋದದ್ದು. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2002ರಲ್ಲಿ ಇದನ್ನು ಕಟ್ಟಲು ಕೂತರು. 2006ರ ಆಗಸ್ಟಿನಲ್ಲಿ ಮೊದಲ ಆವೃತ್ತಿ ಜನರ ಕೈಗೆ ಬಂತು. ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಡಾಕ್ಟರೇಟ್ ಮಾಡಿದ್ದ ಟಾರ್ನ್ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ನಿಂತರು. ಆಟ ಪುಕ್ಕಟೆ. ಆಡಿದವರು ಪ್ರೀತಿಯಿಂದ ಕಳಿಸಿದ ದೇಣಿಗೆಯಲ್ಲಿ ವರ್ಷಗಟ್ಟಲೆ ಅವರ ಜೀವನ ನಡೆಯಿತು. ಚಿತ್ರಗಳೇ ಇರಲಿಲ್ಲ, ಕುಬ್ಜನೆಂದರೆ ಒಂದು ನಗುಮುಖದ ಚಿಹ್ನೆ, ಬೆಕ್ಕೆಂದರೆ ಇಂಗ್ಲಿಷಿನ ‘ಸಿ’ ಅಕ್ಷರ. ಅದೇ ಸ್ಥಿತಿಯಲ್ಲಿ, 2012ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಚಿತ್ರಗಳಿರುವ, ದುಡ್ಡು ಕೊಟ್ಟು ಕೊಳ್ಳುವ ಆವೃತ್ತಿ ಬಂದದ್ದು 2022ರ ಡಿಸೆಂಬರ್ 6ರಂದು.

ಏಳು ಕುಬ್ಜರು, ಒಂದು ಗಾಡಿ, ಒಂದಿಷ್ಟು ಸಾಮಾನು, ಎದುರಿಗೊಂದು ಬೆಟ್ಟ. ಶುರುವಾಗುವುದು ಅಲ್ಲಿಂದ. ಆಡುವವರಿಗೆ ಇರುವ ಅಧಿಕಾರ ಮಾತ್ರ ವಿಚಿತ್ರ. ಸೈನಿಕರನ್ನು ಬಿಟ್ಟರೆ ಯಾರನ್ನೂ ‘ನೀನು ಅಲ್ಲಿ ಹೋಗು’ ಎಂದು ಅಟ್ಟುವಂತಿಲ್ಲ. ಈ ಬಂಡೆ ಅಗೆಯಬೇಕು ಎಂದು ಗುರುತು ಹಾಕಬಹುದು, ಅಷ್ಟೆ. ಕುಡಿತ, ನಿದ್ದೆ, ಪ್ರಾರ್ಥನೆ ಎಲ್ಲ ಮುಗಿದ ಮೇಲೆ ಯಾರೋ ಒಬ್ಬ ಬಂದು ಅಗೆಯುತ್ತಾನೆ. ಗುರುತು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಅವರಲ್ಲೊಬ್ಬ ಉದಯನಾಚಾರ್ಯ ಹುಟ್ಟಿದ್ದರೆ ಕೇಳುತ್ತಿದ್ದ. ಮಡಕೆ ಇದ್ದ ಮೇಲೆ ಕುಂಬಾರ ಇರಲೇಬೇಕು, ಜಗತ್ತೂ ಒಂದು ಕಾರ್ಯವೇ, ಆದ್ದರಿಂದ ಅದಕ್ಕೂ ಕರ್ತೃ ಬೇಕು ಎಂದು ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದ ಹೂಡಿದವರು ಮಿಥಿಲೆಯ ಆ ನೈಯಾಯಿಕರು. ಕುಬ್ಜಲೋಕದಲ್ಲಿ ಅವರ ವಾದ ಗೆಲ್ಲುತ್ತದೆ. ಆದರೆ ಅವರೆದುರು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನನ್ನು ಕೂರಿಸಿ ನೋಡಿ. ಹ್ಯೂಮ್ ಸತ್ತ ಮೇಲೆ, 1779ರಲ್ಲಿ, ಅಚ್ಚಾದ ಧರ್ಮಸಂವಾದದಲ್ಲಿ ತಂಟೆಕೋರ ಪ್ರಶ್ನೆಗಳಿವೆ. ಕರ್ತೃ ಒಬ್ಬನೇ ಎಂದು ಯಾರು ಹೇಳಿದರು? ನಾಲ್ಕಾರು ಮಂದಿ ಸೇರಿ ಮಾಡಿದ್ದೇಕಾಗಿರಬಾರದು? ಕೈ ಪಳಗದ ಎಳೆಯ ದೇವರೊಬ್ಬ ಅರ್ಧಕ್ಕೆ ಬಿಟ್ಟು ಎದ್ದುಹೋಗಿರಬಾರದೇಕೆ? ಕುಬ್ಜಲೋಕದ ಮಟ್ಟಿಗೆ ಹ್ಯೂಮ್‌ನ ಕುಚೋದ್ಯವೇ ನಿಜ. ಕಟ್ಟಿದವರು ಇಬ್ಬರು, ಗುರುತು ಹಾಕುವವಳು ಮೂರನೆಯವಳು. ಕೆಲಸ ಇನ್ನೂ ಮುಗಿದಿಲ್ಲವೆಂದು ಕಟ್ಟಿದವರೇ ಹೇಳುತ್ತಾರೆ.

ಹಾಗೆಂದು ಅವರ ಗುಡಿಯ ದೇವರು ಸುಳ್ಳೂ ಅಲ್ಲ. ಆ ಲೋಕದಲ್ಲಿ ಯಾರಾದರೂ ಗುಡಿಯ ವಿಗ್ರಹ ಉರುಳಿಸಿ ಮೈಲಿಗೆ ಮಾಡಿದರೆ ದೇವತೆಯ ಶಾಪ ತಟ್ಟುತ್ತದೆ. ಅಪವಿತ್ರ ಮಾಡಿದವ ರಕ್ತಪಿಶಾಚಿಯಾಗಿ ತಿರುಗುವುದೂ ಉಂಟು. ಪಾಪ, ಕುಬ್ಜರಲ್ಲಿ ಚಾರ್ವಾಕನಾಗುವುದು ಕಷ್ಟ. ಅವರ ದೇವರ ಕೈಯಲ್ಲಿ ಶಾಪವಿದೆ, ನನ್ನ ಕೈಯಲ್ಲಿರುವುದು ಮೌಸ್.

ಇವು ಬೊಂಬೆಗಳೋ ಜೀವಗಳೋ ಎಂಬ ಪ್ರಶ್ನೆ ಕುಬ್ಜರ ಬೆನ್ನಿಗೆ ಹಿಂದಿನಿಂದಲೂ ಅಂಟಿಕೊಂಡು ಬಂದಿದೆ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟ ನಾರ್ಸ್ ಪುರಾಣದಲ್ಲಿ ಕುಬ್ಜರು ಮೊದಲು ಯಿಮಿರ್ ಎಂಬ ದೈತ್ಯನ ಹೆಣದಲ್ಲಿ ಹುಳುಗಳಾಗಿ ಹುಟ್ಟುತ್ತಾರೆ. ಬುದ್ಧಿ, ಮನುಷ್ಯರೂಪ ಎರಡೂ ದೇವತೆಗಳು ಆಮೇಲೆ ಕೊಟ್ಟದ್ದು. ಟೋಲ್ಕಿನ್ ತೀರಿಕೊಂಡ ಮೇಲೆ 1977ರಲ್ಲಿ ಹೊರಬಂದ ‘ಸಿಲ್ಮರಿಲಿಯನ್’ನಲ್ಲಿ ಕಥೆ ಇನ್ನೂ ಸೂಕ್ಷ್ಮವಾಗುತ್ತದೆ. ದೇವಶಿಲ್ಪಿ ಔಲೆ ಕಾಯಲಾರದೆ, ಯಾರಿಗೂ ಹೇಳದೆ, ಏಳು ಕುಬ್ಜ ಮೂಲಪುರುಷರನ್ನು ಮಾಡಿಬಿಡುತ್ತಾನೆ. ಪರಮಾತ್ಮ ಇಲೂವತಾರ್ ಪ್ರಶ್ನಿಸುತ್ತಾನೆ: ನೀನು ಮನಸ್ಸು ಮಾಡಿದಾಗ ಮಾತ್ರ ಇವು ಅಲುಗುತ್ತವೆ, ನಿನ್ನ ಮನಸ್ಸು ಬೇರೆಡೆ ಹೋದರೆ ಸುಮ್ಮನೆ ನಿಲ್ಲುತ್ತವೆ, ನಿನಗೆ ಬೇಕಾದದ್ದು ಇದೇನಾ? ನಾಚಿದ ಔಲೆ ಅವುಗಳನ್ನು ಒಡೆಯಲು ಸುತ್ತಿಗೆ ಎತ್ತುತ್ತಾನೆ. ಕುಬ್ಜರು ಮುದುಡಿ, ತಲೆಬಾಗಿ ಬೇಡಿಕೊಳ್ಳುತ್ತಾರೆ. ಅಷ್ಟರಲ್ಲಾಗಲೇ ಇಲೂವತಾರ್ ಅವರಿಗೆ ಜೀವ ಕೊಟ್ಟಾಗಿತ್ತು ಎಂಬುದಕ್ಕೆ ಆ ಹೆದರಿಕೆಯೇ ಸಾಕ್ಷಿ.

ಹೆದರಿದರೆ ಸಾಕೇ? ಹೆದರುವುದು ನನ್ನ ಕುಬ್ಜರಿಗೂ ಬರುತ್ತದೆ. ಶತ್ರು ಕಂಡರೆ ಹೊತ್ತದ್ದನ್ನು ಬಿಸಾಕಿ ಓಡುತ್ತಾರೆ. ಒಬ್ಬೊಬ್ಬರ ಹೆಸರಿನ ಮೇಲೆ ಒತ್ತಿದರೆ ಜಾತಕದ ಹಾಗೆ ಪುಟ ತೆರೆದುಕೊಳ್ಳುತ್ತದೆ: ಯಾವ ಕಲ್ಲು ಇಷ್ಟ, ಯಾವ ಪ್ರಾಣಿ ಇಷ್ಟ, ಸಂಪ್ರದಾಯದ ಬಗ್ಗೆ ಏನೆನ್ನಿಸುತ್ತದೆ, ಯಾರ ಸಾವು ಕಾಡುತ್ತಿದೆ. ಹಳೆಯ ದುಃಖವೊಂದು ವರ್ಷಗಳ ಮೇಲೆ ಮರುಕಳಿಸಿ ಸ್ವಭಾವವನ್ನೇ ಬದಲಿಸುವುದುಂಟು. ಮಳೆಯಲ್ಲಿ ನೆನೆದದ್ದಕ್ಕೂ ಮುನಿಸಿದೆ. ಎಲ್ಲದರ ಹಿಂದೆ ಏರಿಳಿಯುವ ಅಂಕಿಗಳಿವೆ. ಅರ್ಥ ತಿಳಿಯದೆಯೇ ನಿಯಮ ನೋಡಿಕೊಂಡು ಸರಿಯುತ್ತರ ಬರೆದುಕೊಡಬಹುದು, ಹಾಗಾಗಿ ನಿಯಮ ಪಾಲಿಸುವುದೇ ಅರಿವಲ್ಲ ಎಂದು ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ 1980ರಲ್ಲಿ ಬರೆದ. ಈ ವಿಷಯದಲ್ಲಿ ನಾನು ಸರ್ಲ್ ಪಕ್ಷ. ಕುಬ್ಜನ ಪುಟದಲ್ಲಿ ನೋವಿನ ದಾಖಲೆ ಇದೆ, ನೋವಿಲ್ಲ.

ಇದನ್ನು ನಂಬಿಕೊಂಡೇ ಆಡುತ್ತಿದ್ದೆ. ಆಗ ಪುಟ್ಟಯ್ಯನಿಗೆ ಚಿಪ್ಪು ಬೇಕಾಯಿತು.

ಪುಟ್ಟಯ್ಯ ನನ್ನ ಕೋಟೆಯ ಕಲ್ಲುಕುಟಿಗ, ಹೆಸರು ನಾನಿಟ್ಟದ್ದು. ಕುಬ್ಜರಿಗೆ ಆಗಾಗ ಒಂದು ಆವೇಶ ಬರುತ್ತದೆ. ಮೈಮೇಲೆ ಬಂದವನು ಒಂದು ಕಾರ್ಖಾನೆಯನ್ನು ಆಕ್ರಮಿಸಿ ಕೂತು, ಇಂತಿಂಥದ್ದೇ ಬೇಕೆಂದು ಹಠ ಹಿಡಿಯುತ್ತಾನೆ. ಸಿಕ್ಕಿದರೆ ಕೋಟೆಯ ಹೆಸರುಳಿಸುವಂಥ ಕಲಾಕೃತಿ. ಸಿಗದಿದ್ದರೆ ಹುಚ್ಚು. ನನ್ನ ಕೋಟೆಯಲ್ಲಿ ಎಲ್ಲ ಇತ್ತು, ಚಿಪ್ಪಿರಲಿಲ್ಲ. ಪುಟ್ಟಯ್ಯ ಕಾದ, ಕಾದು ಮಂಕಾದ, ಅನ್ನನೀರು ಬಿಟ್ಟು ಸತ್ತ. ಮೊಮ್ಮಗನಿಗೆ ಫೋನ್ ಮಾಡಿದೆ.

“ಸೇವ್ ಮಾಡಿದ್ಯಾ ಅಜ್ಜಿ?”

“ಇಲ್ವಲ್ಲೋ.”

“ಒಳ್ಳೇದೇ ಆಯ್ತು. ಹಂಗೇ ಮುಚ್ಚಿ ಮತ್ತೆ ತೆಗಿ. ಬದುಕಿರ್ತಾನೆ.”

ಬದುಕಿದ್ದ. ಸುತ್ತಿಗೆ ಹಿಡಿದು, ಏನೂ ಆಗದವನ ಹಾಗೆ. ಈ ಸಲ ಆವೇಶ ಬಂದದ್ದು ಅವನಿಗಲ್ಲ, ನೇಯುವವಳೊಬ್ಬಳಿಗೆ. ಯಾರಿಗೆ ಬರಬೇಕೆಂಬುದನ್ನು ಆಟ ಚೀಟಿ ಎತ್ತಿ ತೀರ್ಮಾನಿಸುತ್ತದೆ. ಚಿಪ್ಪಿನ ಆಸೆಯೇ ಪುಟ್ಟಯ್ಯನಿಗೆ ಹುಟ್ಟಲಿಲ್ಲ. ಹಾಗಾದರೆ ಪ್ರಾಣ ಕೊಡುವಷ್ಟು ತೀವ್ರವಾಗಿದ್ದ ಆ ಆಸೆ ಯಾರದ್ದು? ಸತ್ತವನದ್ದು ಎನ್ನೋಣವೆಂದರೆ ಸತ್ತವನೇ ಇಲ್ಲ. ಅವನ ಲೋಕದ ಚರಿತ್ರೆಯಲ್ಲಿ ಎಲ್ಲೂ ದಾಖಲಾಗದ ಒಂದು ಸಾವು ಈ ಲೋಕದ ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರ ಉಳಿದಿದೆ. ಪಾಠ ಮಾಡುವಾಗ ಇಂಥ ಉದಾಹರಣೆ ಸಿಕ್ಕಿದ್ದರೆ ಒಂದು ವಾರ ತರಗತಿ ತೆಗೆದುಕೊಳ್ಳುತ್ತಿದ್ದೆ.

ಚರಿತ್ರೆ ಎಂದೆ. ಕುಬ್ಜರ ಚರಿತ್ರೆ ಸಣ್ಣದಲ್ಲ. ಹೊಸ ಆಟಕ್ಕೆ ಕೂತಾಗ ಕಂಪ್ಯೂಟರ್ ಮೊದಲು ಲೋಕವನ್ನೇ ಸೃಷ್ಟಿಸುತ್ತದೆ. ಬೆಟ್ಟ, ಮಳೆ, ನದಿ ಆದಮೇಲೆ ಕಾಲವನ್ನು ಓಡಿಸುತ್ತದೆ. ನೂರು, ಇನ್ನೂರೈವತ್ತು, ಬೇಕೆಂದರೆ ಅದಕ್ಕೂ ಹೆಚ್ಚು ವರ್ಷಗಳ ರಾಜ್ಯಗಳು, ಮದುವೆಗಳು, ಯುದ್ಧಗಳು. ಯಾವ ಕಾಳಗದಲ್ಲಿ ಯಾರಿಗೆ ಎಲ್ಲಿ ಗಾಯವಾಯಿತು ಎಂಬುದರವರೆಗೆ. ಇಷ್ಟಕ್ಕೂ ಹಿಡಿಯುವುದು ಕೆಲವು ನಿಮಿಷ. ಬರ್ಟ್ರಂಡ್ ರಸೆಲ್ 1921ರಲ್ಲಿ ಒಂದು ಒಗಟು ಹಾಕಿದ್ದ. ಈ ಜಗತ್ತು ಐದೇ ನಿಮಿಷದ ಹಿಂದೆ, ನಡೆದೇ ಇಲ್ಲದ ಗತಕಾಲವನ್ನು ‘ನೆನಪಿಟ್ಟುಕೊಂಡ’ ಜನರ ಸಮೇತ, ಹುಟ್ಟಿರಬಹುದು. ಇದರಲ್ಲಿ ತಾರ್ಕಿಕ ವಿರೋಧ ಏನೂ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ನನ್ನ ವಿದ್ಯಾರ್ಥಿಗಳಿಗೆ ಈ ಒಗಟು ಬಹಳ ಹಿಡಿಸುತ್ತಿತ್ತು. ಕುಬ್ಜರ ಲೋಕ ನಿಜಕ್ಕೂ ಐದು ನಿಮಿಷದ ಹಿಂದೆ ಹುಟ್ಟಿದ್ದು. ಆದರೆ ರಸೆಲ್‌ನ ಒಗಟಿನಲ್ಲಿದ್ದಂಥ ನಕಲಿ ಗತಕಾಲ ಅದರದ್ದಲ್ಲ. ಪ್ರತಿ ಯುದ್ಧವೂ ಹಿಂದಿನ ವರ್ಷದ ಫಲವಾಗಿ ಸರದಿಯ ಪ್ರಕಾರ ಲೆಕ್ಕಗೊಂಡು, ಮುಂದಿನ ವರ್ಷಕ್ಕೆ ಕಾರಣವಾಗಿದೆ. ಬೇಗ ನಡೆದದ್ದು ನಡೆಯದೇ ಇದ್ದದ್ದಾಗುವುದಿಲ್ಲ. ಪುಟ್ಟಯ್ಯ ಗೋಡೆಯ ಮೇಲೆ ಎಂಬತ್ತು ವರ್ಷ ಹಳೆಯ ಕಾಳಗವನ್ನು ಕೆತ್ತಿದರೆ ಅವನು ಸುಳ್ಳು ಕೆತ್ತುತ್ತಿಲ್ಲ ಎಂದೇ ನನ್ನ ವಾದ. ನಾವೂ ಇಂಥದ್ದೇ ಯಾವುದೋ ಯಂತ್ರದೊಳಗಿರಬಹುದು ಎಂಬ ನಿಕ್ ಬಾಸ್ಟ್ರಮ್‌ನ 2003ರ ವಾದವನ್ನು ಮೊಮ್ಮಗ ಬಾರಿ ಬಾರಿಗೂ ಎತ್ತುತ್ತಾನೆ. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಇದ್ದರೂ ಬೆಳಗ್ಗೆ ಹಾಲು ತರಬೇಕಲ್ಲ.

ಬೆಕ್ಕುಗಳ ಕಥೆಗೆ ಬರುತ್ತೇನೆ, ಏಕೆಂದರೆ ಕಾರ್ಯಕಾರಣ ಸಂಬಂಧದ ಮೇಲೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. 2015ರ ಡಿಸೆಂಬರಿನಲ್ಲಿ ಆಟಕ್ಕೆ ಹೆಂಡದಂಗಡಿಗಳನ್ನು ಸೇರಿಸಿದರು. ಅದರ ಹಿಂದೆಯೇ ಕೋಟೆಗಳಲ್ಲಿ ಬೆಕ್ಕುಗಳು ವಾಂತಿ ಮಾಡಿಕೊಂಡು ಸಾಯತೊಡಗಿದವು. ಯಾರೂ ಹೊಡೆದಿರಲಿಲ್ಲ, ವಿಷ ಹಾಕಿರಲಿಲ್ಲ. ಟಾರ್ನ್ ಪತ್ತೆ ಮಾಡುತ್ತಾ ಹೋದಾಗ ಸಿಕ್ಕಿದ್ದು ಇದು: ಅಂಗಡಿಯಲ್ಲಿ ಕುಬ್ಜರು ಹೆಂಡ ಚೆಲ್ಲುತ್ತಾರೆ. ಬೆಕ್ಕು ಅದರ ಮೇಲೆ ಓಡಾಡುತ್ತದೆ, ಪಾದ ಒದ್ದೆಯಾಗುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ; ಅದನ್ನೂ ಅಣ್ಣತಮ್ಮಂದಿರು ಆಟದೊಳಗೆ ಬರೆದಿದ್ದರು. ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಪ್ರಮಾಣದಲ್ಲೊಂದು ತಪ್ಪಿತ್ತು, ಪಾದಕ್ಕೆ ಅಂಟಿದ ಹನಿ ಒಂದು ಪೂರ್ತಿ ಪಾನದಷ್ಟು ಲೆಕ್ಕವಾಗುತ್ತಿತ್ತು. ಮೈ ಚಿಕ್ಕದಾದರೆ ಅಮಲು ಹೆಚ್ಚು ಎಂಬ ನಿಯಮವೂ ಇತ್ತು. ಬೆಕ್ಕು ಸಾಯಬೇಕೆಂದು ಯಾರೂ ಒಂದು ಸಾಲನ್ನೂ ಬರೆದಿರಲಿಲ್ಲ.

ಕೊಂದವರು ಯಾರು? ಚೆಲ್ಲಿದ ಕುಡುಕನೇ, ಅಂಗಡಿ ತೆರೆದ ನನ್ನಂಥವಳೇ, ಪ್ರಮಾಣ ತಪ್ಪಿದ ಟಾರ್ನ್ ಅವರೇ, ಶುಚಿತ್ವದ ಗೀಳಿನ ಬೆಕ್ಕೇ? ಲೋಕದಲ್ಲಿ ಕೆಡುಕು ಏಕಿದೆ ಎಂದು ದೇವರನ್ನು ಕಟಕಟೆಗೆ ಎಳೆಯುವವರು ಈ ಬೆಕ್ಕುಗಳನ್ನು ಒಮ್ಮೆ ನೆನೆಯಬೇಕು. ಒಂದೊಂದು ನಿಯಮವೂ ಸರಿಯಾಗಿಯೇ ಕಾಣುತ್ತದೆ. ಎಲ್ಲ ಸೇರಿದಾಗ ಏನಾಗುತ್ತದೆಂದು ಬರೆದವನಿಗೂ ಮೊದಲೇ ತಿಳಿಯುವುದಿಲ್ಲ. ಸರ್ವಜ್ಞನಲ್ಲದ, ತಪ್ಪು ಕಂಡ ಕೂಡಲೇ ತಿದ್ದುವ ದೇವರು ನನಗಂತೂ ಒಪ್ಪಿಗೆ.

ಮತ್ಸ್ಯಕನ್ಯೆಯರ ಪ್ರಸಂಗದಲ್ಲಿ ನಗು ಬರುವುದಿಲ್ಲ. ಅವರ ಮೂಳೆಗೆ ಆಟದ ಪೇಟೆಯಲ್ಲಿ ಭಾರಿ ಬೆಲೆಯಿದೆಯೆಂದು ಕೆಲವು ಆಟಗಾರರು ಕಂಡುಕೊಂಡರು. ಹಿಡಿದು ಕೂಡಿಹಾಕಿ, ಮರಿ ಮಾಡಿಸಿ, ನೀರಿಂದ ಹೊರಗೆಳೆದು ಕೊಂದು ಮೂಳೆ ತೆಗೆಯುವ ವ್ಯವಸ್ಥೆಯನ್ನು ಕೂಲಂಕಷವಾಗಿ ರೂಪಿಸಿದರು. ತಿಳಿದ ಟಾರ್ನ್ ಅವರಿಗೆ ಕಸಿವಿಸಿಯಾಯಿತು. ಅವರು ನಿಷೇಧ ಹೇರಲಿಲ್ಲ, ಉಪದೇಶ ಮಾಡಲಿಲ್ಲ. ಮೂಳೆಯ ಬೆಲೆ ಇಳಿಸಿದರು.

ನೋವೇ ಇಲ್ಲ ಎಂದ ಮೇಲೆ ಕಸಿವಿಸಿ ಏಕೆ ಎಂದು ಮೊಮ್ಮಗ ನನ್ನನ್ನೇ ಹಿಡಿದ. ಅವನಿಗೆ ಔಲೆಯ ಕಥೆಯಲ್ಲಿ ಬಹಳ ಮಂದಿ ದಾಟಿಹೋಗುವ ಒಂದು ವಿವರ ತೋರಿಸಿದೆ. ಸುತ್ತಿಗೆ ಎತ್ತುವಾಗ ಔಲೆ ಅಳುತ್ತಿದ್ದಾನೆ. ಕುಬ್ಜರು ಮುದುಡಿದ್ದು, ಬೇಡಿದ್ದು ಆಮೇಲೆ. ಅಂದರೆ ಅವನು ಅತ್ತದ್ದು ಅವು ಬರೀ ಬೊಂಬೆಗಳೆಂದು ತಿಳಿದಿದ್ದಾಗಲೇ. ಒಡೆಯುವ ವಸ್ತುವಿಗೆ ನೋವಾಗುತ್ತದೆಯೇ ಎಂಬುದೊಂದು ಪ್ರಶ್ನೆ, ಒಡೆಯುವ ಕೈ ಎಂಥದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸರ್ಲ್ ಉತ್ತರ ಸಾಕು. ಎರಡನೆಯದಕ್ಕೆ ಅವನ ಉತ್ತರ ಕೆಲಸಕ್ಕೆ ಬಾರದು. ಕೂಡಿಹಾಕುವ ಕೊಳಕ್ಕೆ ಜಾಗ ಆರಿಸಿ, ಹೊರಗೆಳೆಯುವ ದಾರಿ ಯೋಚಿಸಿ, ಲಾಭ ಲೆಕ್ಕ ಹಾಕಿದ್ದು ನಿಜವಾದ ಮನಸ್ಸುಗಳೇ. ಬೆಲೆ ಇಳಿಸಿದ್ದು ಜಾಣತನ ನಿಜ, ಆದರೆ ಅದು ಲಾಭವನ್ನು ತೆಗೆಯಿತು, ಪ್ರಶ್ನೆಯನ್ನಲ್ಲ. “ಮತ್ತೆ ನೀನು ಪುಟ್ಟಯ್ಯನಿಗೋಸ್ಕರ ಯಾಕೆ ಫೋನ್ ಮಾಡಿದೆ?” ಎಂದ ಅವನು. ಹುಡುಗನಿಗೆ ತರ್ಕ ಚೆನ್ನಾಗಿ ಬರುತ್ತದೆ.

ನಿಮಗೂ ಆಡಬೇಕೆನ್ನಿಸಿದರೆ, ಚಿತ್ರಗಳಿಲ್ಲದ ಹಳೆಯ ರೂಪ ಈಗಲೂ ಪುಕ್ಕಟೆ ಸಿಗುತ್ತದೆ. ಕಣ್ಣಿಗೆ ಶ್ರಮವಾಗಬಾರದೆಂದರೆ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವ ಆವೃತ್ತಿ ವಾಸಿ. ಇದರಲ್ಲಿ ಗೆಲುವು ಎಂಬುದಿಲ್ಲ, ಕೋಟೆ ಬೀಳುವವರೆಗೆ ಆಡುವುದಷ್ಟೆ. ಮೊದಲನೆಯದು ಬೇಗ ಬೀಳುತ್ತದೆ, ಬೇಸರಪಡಬೇಡಿ. ನದಿ ಹತ್ತಿರವಿರುವ ಜಾಗ ನೋಡಿ ಇಳಿಯಿರಿ. ಮೀನು ಹಿಡಿಯಲು ಮೊದಲ ವರ್ಷವೇ ಒಬ್ಬನನ್ನು ಹಚ್ಚಿ. ಆಮೆ ಸಿಕ್ಕಿದರೆ ಚಿಪ್ಪನ್ನು ಎಸೆಯಬೇಡಿ.