ನೀರಿನ ಬಿಸಿ, ಚಹದ ಒಗರು

ಭಟ್ಕಳದ ನವಾಯತರ ಮನೆಗಳಲ್ಲಿ ಅತಿಥಿಗೆ ಸುಲೇಮಾನಿ ಚಹ ಕೊಡುವುದುಂಟು. ಅದಕ್ಕೆ ಹಾಲಿಲ್ಲ, ಲಿಂಬೆಯ ರಸವಿದೆ. ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆಗಳ ಕಷಾಯವನ್ನು ಚೆನ್ನಾಗಿ ಕುದಿಸುವರು. ಸುಲೇಮಾನಿಯನ್ನೂ ಹಾಗೆಯೇ ಬಹಳ ಹೊತ್ತು ಕುದಿಸಿದರೆ ಅದು ಒಗರಾಗುವುದು. ಏಕೆ?

ಚಹದ ಎಲೆಯಲ್ಲಿ ಟ್ಯಾನಿನ್ ವರ್ಗದ ಒಗರು ದ್ರವ್ಯಗಳಿವೆ. ನೀರು ಬಿಸಿಯಾದಷ್ಟೂ, ಎಲೆ ನೆನೆದಷ್ಟೂ ಅವು ಹೆಚ್ಚಾಗಿ ನೀರಿಗಿಳಿಯುತ್ತವೆ. ಹಾಲು ಬೆರೆತಾಗ ಅದರ ಪ್ರೋಟೀನು ಅವನ್ನು ಬಂಧಿಸಿ ಒಗರನ್ನು ತಗ್ಗಿಸುತ್ತದೆ. ಸುಲೇಮಾನಿಗೆ ಈ ಅನುಕೂಲವಿಲ್ಲ. ಆದುದರಿಂದ ಕುದಿದ ನೀರನ್ನು ಒಲೆಯಿಂದ ಇಳಿಸಿ, ಎಲೆ ಹಾಕಿ, ಮೂರು ನಿಮಿಷ ಮುಚ್ಚಿಟ್ಟು ಸೋಸುವುದು ಲೇಸು.

ದಕ್ಷಿಣ ಅಮೆರಿಕದ ಅರ್ಜೆಂಟೀನ, ಉರುಗ್ವೆಗಳಲ್ಲಿ ‘ಯೆರ್ಬಾ ಮಾಟೆ’ ಎಂಬ ಎಲೆಯ ಪಾನೀಯವನ್ನೂ ಸಾಮಾನ್ಯವಾಗಿ ಹಾಲಿಲ್ಲದೆಯೇ ಕುಡಿಯುವರು. ಅದಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಸಾಕು, ಮೀರಿದರೆ ಕಹಿ. ಉಷ್ಣಮಾಪಕವಿಲ್ಲದೆ ಇದನ್ನು ಪಡೆಯುವುದು ಹೇಗೆ? ನಮ್ಮ ಕರಾವಳಿಯಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಕೊಡದ ನೀರು 28 ಡಿಗ್ರಿಯಿದೆಯೆನ್ನೋಣ. ಕುದಿಯುವ ನೀರು ಎರಡು ಲೋಟ, ತಣ್ಣೀರು ಒಂದು ಲೋಟ ಬೆರೆಸಿರಿ: 228ನ್ನು 3ರಿಂದ ಭಾಗಿಸಿದರೆ 76! ಪಾತ್ರೆಯೂ ಶಾಖವನ್ನು ಹೀರುವುದರಿಂದ ಇದು ತುಸು ಕಡಿಮೆಯಾದೀತು.

ಆದರೆ ಮಾಡುವ ಬಿಸಿ ಬೇರೆ, ಕುಡಿಯುವ ಬಿಸಿ ಬೇರೆ. 65 ಡಿಗ್ರಿ ಮೀರಿದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಾರಿತು. ಅಷ್ಟು ಬಿಸಿಯಿಲ್ಲದ ಮಾಟೆಯ ಮೇಲೆ ಆ ಆರೋಪ ನಿಲ್ಲಲಿಲ್ಲ. ಸುಲೇಮಾನಿಯಾಗಲಿ, ಕಷಾಯವಾಗಲಿ, ತುಟಿಗೊಯ್ಯುವ ಮುನ್ನ ತುಸು ಆರಲು ಬಿಡೋಣ.